ಫಾರ್ಮ್ ತುಂಬುವ ಮುಂಚೆ ನನ್ನದೇ ಆಡಿಟ್

"ಆಲ್ ಇಂಡಿಯಾ ಅಮೆಚೂರ್‌ಗೆ ನೀವು ಯಾಕೆ ಹೆಸರು ಕೊಡಬಾರದು?"

ಭಾನುವಾರದ ಗಾಲ್ಫ್ ಆಟ ಮುಗಿಸಿ ದೋಸೆಗೆ ಕಾಯುತ್ತಾ ಕೂತಿದ್ದಾಗ ಗೆಳೆಯರೊಬ್ಬರು ಕೇಳಿದರು. ಅವತ್ತು ನಾನು 76 ಹೊಡೆದಿದ್ದೆ, ಅಂದರೆ 18 ಹೋಲ್ (ಗುಳಿ) ಮುಗಿಸಲು 76 ಹೊಡೆತ. ಗಾಲ್ಫ್‌ನಲ್ಲಿ ಕಡಿಮೆ ಆದಷ್ಟೂ ಒಳ್ಳೆಯದು. ನಲವತ್ತಮೂರು ವಯಸ್ಸಿನ, ವಾರಕ್ಕೆ ಎರಡು ದಿನ ಆಡುವ, ಮಲ್ಲೇಶ್ವರದ ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ಗೆ 76 ಅಂದರೆ ತಲೆಗೆ ಏರುವಂಥ ಸ್ಕೋರೇ. ದೋಸೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ಕಟ್ಟಿ ಆಗಿತ್ತು.

ಹವ್ಯಾಸಿಗಳ ಆ ರಾಷ್ಟ್ರೀಯ ಟೂರ್ನಿ ಸಾಮಾನ್ಯದ್ದಲ್ಲ. 1892ರಲ್ಲಿ ಕಲ್ಕತ್ತಾದಲ್ಲಿ ಶುರುವಾಗಿದ್ದು. ಬ್ರಿಟನ್ನಿನವರ ಅಮೆಚೂರ್ ಚಾಂಪಿಯನ್‌ಶಿಪ್ ನಮ್ಮದಕ್ಕಿಂತ ಏಳೇ ವರ್ಷ ಹಳೆಯದು. ಅಮೆರಿಕದ್ದು ನಮ್ಮ ನಂತರ, 1895ರಲ್ಲಿ ಬಂತು. ಮೊದಲು ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತಗಳ ಲೆಕ್ಕ), ಅದರಲ್ಲಿ ಮುಂದಿರುವವರಿಗೆ ಮಾತ್ರ ಮ್ಯಾಚ್ ಪ್ಲೇ (ಇಬ್ಬರ ನಡುವೆ ಹೋಲ್ ಹೋಲ್‌ಗೂ ಸೋಲು ಗೆಲುವು). ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಸಂಖ್ಯೆ, ಕಡಿಮೆ ಇದ್ದಷ್ಟೂ ಒಳ್ಳೆಯ ಆಟಗಾರ) ಇಲ್ಲಿ ಒಳಗೆ ಬಿಡುವ ಟಿಕೆಟ್ ಅಷ್ಟೇ. ಒಳಗೆ ಹೋದ ಮೇಲೆ ಎಲ್ಲರಿಗೂ ಏನೂ ಕಳೆಯದ ಗ್ರಾಸ್ ಸ್ಕೋರೇ ಲೆಕ್ಕ.

ಮನೆಯಲ್ಲಿ ವಿಷಯ ಎತ್ತಿದೆ. "ಗೆದ್ದರೆ ಎಷ್ಟು ಕೊಡ್ತಾರೆ?" ಅಂದಳು ಹೆಂಡತಿ. ಅಮೆಚೂರ್‌ಗಳು 2022ರಿಂದ ಒಂದು ಪಂದ್ಯದಲ್ಲಿ ಸಾವಿರ ಡಾಲರ್‌ವರೆಗೆ ಬಹುಮಾನದ ಹಣ ತಗೋಬಹುದು ಅಂತ ನಿಯಮ ಬದಲಾಗಿದೆ, ಆದರೆ ಇಂಥ ಕಡೆ ಎಲ್ಲರೂ ಆಡೋದು ಟ್ರೋಫಿಗೆ ಅಂತ ವಿವರಿಸಿದೆ. "ಮತ್ತೆ ನೀವು ಯಾಕೆ ಆಡ್ತೀರಿ?" ಅಂದಳು. ಗೆಲ್ಲುವ ಮಾತು ನನಗೆ ಅನ್ವಯಿಸಲ್ಲ ಅನ್ನೋದು ಅವಳಿಗೆ ಮೊದಲೇ ಗೊತ್ತಿತ್ತು. ಅವಳ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಉತ್ತರ ಸಿಗಲಿಲ್ಲ. ಹಾಗಾಗಿ ನನಗೆ ಗೊತ್ತಿರುವ ಕೆಲಸ ಮಾಡಿದೆ. ಲೆಕ್ಕ ತೆಗೆದೆ.

ಆಗ ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್ 5.8. ಕೇಳಲು ಚೆನ್ನಾಗಿದೆ. ಆದರೆ ಈ ಸಂಖ್ಯೆ ಹುಟ್ಟುವುದು ಹೇಗೆ? ಕೊನೆಯ 20 ಆಟಗಳಲ್ಲಿ ಅತ್ಯುತ್ತಮ 8 ತೆಗೆದುಕೊಂಡು ಸರಾಸರಿ ಮಾಡುತ್ತಾರೆ. ಉಳಿದ ಹನ್ನೆರಡಕ್ಕೆ ಅಲ್ಲಿ ಜಾಗವೇ ಇಲ್ಲ. ಮದುವೆ ಆಲ್ಬಮ್ ಇದ್ದ ಹಾಗೆ. ಕಣ್ಣು ಮುಚ್ಚಿದ ಫೋಟೋ ಯಾರೂ ಅಂಟಿಸುವುದಿಲ್ಲ. ಇಪ್ಪತ್ತರದ್ದೂ ಸೇರಿಸಿ ಸರಾಸರಿ ತೆಗೆದೆ: 9.1. ಒಂದು ಮಾಮೂಲಿ ದಿನ ನಾನು ಆಡುವುದು ಇದನ್ನೇ.

ಇನ್ನೊಂದು ಸಂಗತಿ ಇದೆ. ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಒಂದು ಹೋಲ್‌ನಲ್ಲಿ ಎಷ್ಟೇ ಕೆಟ್ಟರೂ ನೆಟ್ ಡಬಲ್ ಬೋಗಿಗೆ ನಿಲ್ಲಿಸುತ್ತಾರೆ, ಅಂದರೆ ಪಾರ್‌ಗಿಂತ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ) ಎರಡು ಜಾಸ್ತಿ, ಹ್ಯಾಂಡಿಕ್ಯಾಪ್‌ನಿಂದ ಆ ಹೋಲ್‌ಗೆ ಹೊಡೆತ ಸಿಗುವುದಿದ್ದರೆ ಅದೂ ಸೇರಿ. ಪಾರ್ 4ರಲ್ಲಿ ನಾನು 9 ಹೊಡೆದರೂ ಕಾರ್ಡಿನ ಲೆಕ್ಕಕ್ಕೆ ಅದು 6 ಅಥವಾ 7. ಟೂರ್ನಿಯಲ್ಲಿ 9 ಅಂದರೆ 9.

ಆಮೇಲೆ ನಮ್ಮ ಭಾನುವಾರದ ಧಾರಾಳತನ. ಇದನ್ನು ಬರೆಯಲು ಸ್ವಲ್ಪ ನಾಚಿಕೆ ಆಗುತ್ತದೆ. ಮೊದಲನೇ ಟೀನಲ್ಲಿ (ಹೋಲ್ ಶುರು ಮಾಡುವ ಜಾಗ) ಎಡವಿದರೆ ಇನ್ನೊಂದು ಬಾಲ್ ಫ್ರೀ. ಬಾಲ್ ಔಟ್ ಆಫ್ ಬೌಂಡ್ಸ್ (ಕೋರ್ಸಿನ ಗಡಿಯಾಚೆ) ಹೋದರೆ ಹೊಡೆದ ಜಾಗಕ್ಕೇ ವಾಪಸ್ ಬರಬೇಕು ಅನ್ನೋದು ನಿಯಮ. ನಾವು ಬಾಲ್ ಹೋದ ಕಡೆ ಒಂದು ಡ್ರಾಪ್ ಮಾಡಿ ಮುಂದೆ ನಡೆಯುತ್ತೇವೆ. ಕಳೆದ ಬಾಲ್ ಹುಡುಕಲು ಮೂರೇ ನಿಮಿಷ. ನಾವು ಬಿಸ್ಕತ್ತು ತಿನ್ನುತ್ತಾ ಹುಡುಕುತ್ತೇವೆ. ಇನ್ನು ಗಿಮ್ಮಿ! ಗುಳಿಗೆ ಹತ್ತಿರ ಇರುವ ಬಾಲ್ ಹಾಕದೆಯೇ ಹಾಕಿದಂತೆ ಲೆಕ್ಕ. ಎರಡು ಅಡಿ, ಮೂರು ಅಡಿ, "ಸಿಕ್ತು, ಎತ್ಕೊಳ್ಳಿ". ಒಂದು ತಿಂಗಳು ಎಣಿಸಿದೆ. ಒಂದು ಆಟಕ್ಕೆ ನನಗೆ ಸರಾಸರಿ ಆರು ಗಿಮ್ಮಿ ಸಿಗುತ್ತಿತ್ತು. ಒಂದು ಸಂಜೆ ಪ್ರಾಕ್ಟೀಸ್ ಗ್ರೀನ್‌ನಲ್ಲಿ ಮೂರು ಅಡಿಯಿಂದ 50 ಪಟ್ (ಬಾಲನ್ನು ಗುಳಿಗೆ ಉರುಳಿಸುವ ಹೊಡೆತ) ಹಾಕಿದೆ. 41 ಒಳಗೆ ಹೋದವು, ಒಂಬತ್ತು ಹೋಗಲಿಲ್ಲ. ಅಂದರೆ ಆರರಲ್ಲಿ ಒಂದು ತಪ್ಪುತ್ತಿತ್ತು. ಗೆಳೆಯರು ಅದನ್ನು ಸುಮ್ನೆ ಮಾಫಿ ಮಾಡುತ್ತಿದ್ದರು.

ಎಲ್ಲ ಕೂಡಿಸಿದರೆ ನನ್ನ ನಿಜವಾದ ಆಟ ಪಾರ್‌ಗಿಂತ ಹನ್ನೆರಡು ಜಾಸ್ತಿ. ಅದೂ ಮಾಮೂಲಿ ಟೀಯಿಂದ.

ಕಾಗದದ ಲೆಕ್ಕ ಸಾಕು ಅನಿಸಿ ಒಂದು ಅಣಕು ಟೂರ್ನಿ ಆಡಿದೆ. ಗೆಳೆಯರೊಬ್ಬರ ಅತಿಥಿಯಾಗಿ ಬೆಂಗಳೂರಿನ ಕೆಜಿಎಯಲ್ಲಿ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಮಂಗಳವಾರ, ಬುಧವಾರ, ಗುರುವಾರ, ಮೂರು ದಿನ ಸತತವಾಗಿ. ಅದು ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ವಿನ್ಯಾಸ ಮಾಡಿದ ಕೋರ್ಸ್. ಹಿಂದಿನ, ಅಂದರೆ ಅತಿ ದೂರದ ಟೀಯಿಂದ ಸುಮಾರು 7,000 ಗಜ, ಜೊತೆಗೆ ನೀರು. ನಿಯಮಗಳನ್ನು ಮೊದಲೇ ಬರೆದುಕೊಂಡೆ. ಹಿಂದಿನ ಟೀಯಿಂದಲೇ ಆಟ. ನಡೆದೇ ಹೋಗಬೇಕು. ಪ್ರತಿ ಬಾಲ್ ಕಪ್‌ನೊಳಗೆ, ಅಂದರೆ ಗುಳಿಯೊಳಗೆ ಬೀಳಬೇಕು. ಫೋನ್ ಕಾರಿನಲ್ಲಿ. ಮೂರು ದಿನದ ಮೊತ್ತ 246 ದಾಟದಿದ್ದರೆ ಫಾರ್ಮ್ ತುಂಬುತ್ತೇನೆ, ದಾಟಿದರೆ ಇಲ್ಲ. ಈ ಗೆರೆಯನ್ನು ಆಡುವ ಮುಂಚೆ ಎಳೆಯಬೇಕು. ಆಡಿದ ಮೇಲೆ ಎಳೆದರೆ ಅದು ಎಲ್ಲಿಗೆ ಬೇಕಾದರೂ ಸರಿಯುತ್ತದೆ. ಲೆಕ್ಕದವನಾಗಿ ಇದನ್ನು ಕ್ಲೈಂಟುಗಳ ಹತ್ತಿರ ದಿನಾ ನೋಡುತ್ತೇನೆ.

ಮೊದಲ ದಿನ 84. ಎರಡನೇ ದಿನ 81, ಅದರಲ್ಲಿ ಎರಡು ಬರ್ಡಿ (ಪಾರ್‌ಗಿಂತ ಒಂದು ಕಡಿಮೆ). ಅವತ್ತು ರಾತ್ರಿ ವಿಮಾನದ ಟಿಕೆಟ್ ದರ ನೋಡಿದ್ದು ನಿಜ. ಮೂರನೇ ದಿನ ಬೆಳಿಗ್ಗೆ ಮಂಡಿ ಬಿಗಿ. ಹತ್ತನೇ ಹೋಲ್ ಹೊತ್ತಿಗೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಒಂದು ಪಾರ್ 4ರಲ್ಲಿ ಎರಡು ಬಾಲ್ ನೀರಿಗೆ ಹಾಕಿ 9 ಬರೆದೆ. ಒಟ್ಟು 90. ಮೂರೂ ಸೇರಿ 255.

ಅಭ್ಯಾಸದ ಜಾಗದಲ್ಲಿ ಆ ಹೊತ್ತಿಗೆ ಪುಟ್ಟ ಪುಟ್ಟ ಮಕ್ಕಳು ಬಾಲ್ ಹೊಡೆಯುತ್ತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ನಮ್ಮ ಅದಿತಿ ಅಶೋಕ್ ಕೂಡ ಇದೇ ಕೆಜಿಎಯಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಶುರು ಮಾಡಿದ್ದು. ಆಲ್ ಇಂಡಿಯಾದಲ್ಲಿ ನನ್ನ ಜೊತೆ ಟೀಗೆ ನಿಲ್ಲುವವರು ಹೀಗೆ ಬೆಳೆದ ಹದಿನೇಳರ ಹುಡುಗರು. ದಿನಕ್ಕೆ 18 ಹೋಲ್ ಆಡಿ ಸಂಜೆ ಮತ್ತೆ ಜಿಮ್‌ಗೆ ಹೋಗುವವರು.

ನನ್ನ ಬ್ಯಾಗ್ ಹೊತ್ತ ಕ್ಯಾಡಿಯನ್ನು ಕೇಳಿದೆ. ಮೂರೂ ದಿನ ಅವರೇ ಬಂದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು.

"ಏನಣ್ಣ, ಹೋಗಬಹುದಾ?"

"ಹೋಗಿ ಸಾರ್, ಯಾರು ಬೇಡ ಅಂದ್ರು? ಆದ್ರೆ ಇವತ್ತು ಹತ್ತನೇ ಹೋಲ್ ಆದ್ಮೇಲೆ ನೀವು ನನ್ನ ಹತ್ರ ಲೈನ್, ಬಾಲ್ ಯಾವ ಕಡೆ ತಿರುಗುತ್ತೆ ಅಂತ, ಕೇಳೋದೇ ಬಿಟ್ರಿ. ಸುಸ್ತಾದ್ರೆ ನಿಮ್ಗೆ ಮಾತು ನಿಂತೋಗುತ್ತೆ. ಪಟ್ ಅಲ್ಲಿಂದ ಹೋಯ್ತು."

ಮನೆಗೆ ಬಂದು ಕಾರ್ಡ್ ತೆಗೆದು ನೋಡಿದೆ. ಮೊದಲ ಒಂಬತ್ತರಲ್ಲಿ 16 ಪಟ್, ಎರಡನೇ ಒಂಬತ್ತರಲ್ಲಿ 21. ಅವರ ಆಡಿಟ್ ನನ್ನದಕ್ಕಿಂತ ಚೆನ್ನಾಗಿತ್ತು.

ದೂರದ ಲೆಕ್ಕ ಒಂದು ಬಾಕಿ ಇತ್ತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಬಾಲ್ ಜಾಸ್ತಿ ದೂರ ಹೋಗುತ್ತದೆ. ಕೋಲ್ಕತ್ತಾ ಅಥವಾ ಚೆನ್ನೈಯಂಥ ಕಡೆ ಅದೇ ಹೊಡೆತ ನೂರಕ್ಕೆ ಮೂರು ಗಜದಷ್ಟು ಕಡಿಮೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. 150 ಗಜಕ್ಕೆ ಕಣ್ಣು ಮುಚ್ಚಿ ಎತ್ತುವ ನನ್ನ 7 ಐರನ್ ಕೋಲಿನ ಹೊಡೆತ ಅಲ್ಲಿ 145ಕ್ಕೇ ನಿಲ್ಲುತ್ತದೆ. ಮುಂದಿನ ಬಂಕರ್‌ಗೆ (ಮರಳಿನ ಗುಂಡಿಗೆ) ಬೀಳಲು ಅಷ್ಟು ಸಾಕು. ಆ ಅಭ್ಯಾಸಕ್ಕೇ ಎರಡು ದಿನ ಮುಂಚೆ ಹೋಗಬೇಕು. ಆಫೀಸಿಗೆ ಒಟ್ಟು ಒಂದು ವಾರಕ್ಕೂ ಜಾಸ್ತಿ ರಜೆ.

"ಅನುಭವಕ್ಕೆ ಅಂತ ಹೋಗಿ ಬನ್ನಿ" ಅಂದರು ದೋಸೆ ಗೆಳೆಯರು. ಈ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಅನುಭವ ಬೇಕಿದ್ದರೆ ಅದು ಮೊದಲು ನಮ್ಮ ಬೀದಿಯಲ್ಲೇ ಸಿಗುತ್ತದೆ. ಇಷ್ಟು ವರ್ಷ ಕ್ಲಬ್ ಚಾಂಪಿಯನ್‌ಶಿಪ್‌ನಲ್ಲಿ ನಾನು ಹೆಸರು ಕೊಡುತ್ತಿದ್ದದ್ದು ನೆಟ್ ವಿಭಾಗಕ್ಕೆ. ಅಲ್ಲಿ ಹ್ಯಾಂಡಿಕ್ಯಾಪ್ ಕಳೆದು ಲೆಕ್ಕ ಹಾಕುತ್ತಾರೆ, ನನ್ನಂಥವರಿಗೂ ಏನಾದರೂ ಬರುತ್ತದೆ. ಮನೆಯಲ್ಲಿ ಎರಡು ಡಿನ್ನರ್ ಸೆಟ್, ಒಂದು ಏರ್ ಫ್ರೈಯರ್ ಇವೆ. ಗ್ರಾಸ್ ವಿಭಾಗಕ್ಕೆ ಒಮ್ಮೆಯೂ ಹೋಗಿಲ್ಲ. ನಮ್ಮ ಕ್ಲಬ್ಬಿನ ಹುಡುಗರ ಮುಂದೆ 88 ಬರೆಯಲು ಹೆದರುವವನು ದೇಶದ ಹುಡುಗರ ಮುಂದೆ ಬರೆಯಲು ಹೊರಟಿದ್ದೆ. ಅಲ್ಲಿ ಯಾರಿಗೂ ನನ್ನ ಪರಿಚಯ ಇಲ್ಲ, ಸೋತರೂ "ಆಲ್ ಇಂಡಿಯಾ ಆಡಿದ್ದೆ" ಅನ್ನಬಹುದು. ಹೆಂಡತಿಯ ಪ್ರಶ್ನೆಗೆ ಉತ್ತರ ಇದೇ ಆಗಿತ್ತು ಅನಿಸುತ್ತದೆ. ಅವಳಿಗೆ ಮಾತ್ರ ಇನ್ನೂ ಹೇಳಿಲ್ಲ.

ಫಾರ್ಮ್ ತುಂಬಲಿಲ್ಲ. ಈ ವರ್ಷಕ್ಕೆ ಕ್ಲಬ್ಬಿನ ಗ್ರಾಸ್ ವಿಭಾಗಕ್ಕೆ ಹೆಸರು ಬರೆಸಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಒಂದು ಶೀಟ್ ಇದೆ. ಹಿಂದಿನ ಟೀಯಿಂದ, ಎಲ್ಲ ಬಾಲ್ ಕಪ್‌ಗೆ ಹಾಕಿ ಆಡಿದ ಆಟ ಮಾತ್ರ ಅದರಲ್ಲಿ ಸೇರುತ್ತದೆ. ಈವರೆಗೆ ಹನ್ನೊಂದು ಸಾಲು. ಇಪ್ಪತ್ತಾದ ಮೇಲೆ ಇಪ್ಪತ್ತರದ್ದೂ ಸರಾಸರಿ ತೆಗೆಯುತ್ತೇನೆ, ಎಂಟರದ್ದಲ್ಲ.

ಕಳೆದ ಭಾನುವಾರ ಐದನೇ ಗ್ರೀನ್‌ನಲ್ಲಿ ಎರಡು ಅಡಿಯ ಪಾರ್ ಪಟ್ ಉಳಿದಿತ್ತು. "ಸಿಕ್ತು ಸಿಕ್ತು, ಎತ್ಕೊಳ್ಳಿ" ಅಂದರು ಗೆಳೆಯರು. ಬೇಡ ಅಂದೆ. ಲೈನ್ ಕೇಳಿದೆ, ನಿಂತೆ, ಹಾಕಿದೆ. ಕಪ್ಪಿನ ಬಲ ಅಂಚಿಗೆ ತಾಗಿ ಹೊರಗೆ ಬಂತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಡಿನಲ್ಲಿ 5 ಬರೆದೆ.