ಮನೆಯಲ್ಲಿ ನಿತ್ಯ ನಲವತ್ತು ನಿಮಿಷ: ಆಸನದಿಂದ ಧ್ಯಾನದವರೆಗೆ

ಯೋಗಾಭ್ಯಾಸಕ್ಕೆ ಹೊಸದಾಗಿ ತೊಡಗುವವರಲ್ಲಿ ಬಹುಪಾಲು ಜನ ಮೊದಲ ವಾರವೇ ಎಡವುವುದು ಒಂದೇ ಕಡೆ. ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಬೇಕೆಂಬ ಹಟಕ್ಕೆ ಬಿದ್ದು, ಉಸಿರು ಬಿಗಿಹಿಡಿದು, ಮುಖ ಕೆಂಪಗಾಗಿಸಿಕೊಂಡು, ಮರುದಿನ ಸೊಂಟ ಹಿಡಿದುಕೊಂಡು ಕೂರುತ್ತಾರೆ. ಪತಂಜಲಿಯು ಯೋಗಸೂತ್ರದಲ್ಲಿ ಆಸನಕ್ಕೆ ಹೇಳಿದ ಲಕ್ಷಣ ‘ಸ್ಥಿರಸುಖಮಾಸನಮ್’ ಎಂಬುದಷ್ಟೆ. ಅಲುಗದೆ, ಹಿತವಾಗಿ ಇರಲು ಸಾಧ್ಯವಾದರೆ ಅದು ಆಸನ. ದೇಹಕ್ಕೂ ಮನಸ್ಸಿಗೂ ಆಗುವ ಲಾಭ ಎಷ್ಟು ಬಗ್ಗಿದೆವು ಎಂಬುದಕ್ಕಿಂತ ಉಸಿರನ್ನು ಹೇಗೆ ನಡೆಸಿಕೊಂಡೆವು ಎಂಬುದನ್ನು ಅವಲಂಬಿಸಿದೆ ಎಂಬುದು ನನ್ನ ತಿಳಿವಳಿಕೆ, ಮತ್ತು ಮುಂದಿನ ಕ್ರಮವನ್ನು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ.

ಬೆಳಿಗ್ಗೆ ಶೌಚ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಮಾಡುವುದು ಉತ್ತಮ. ಸಂಜೆಯೇ ಅನುಕೂಲವೆನ್ನುವವರು ಊಟವಾಗಿ ಮೂರು ನಾಲ್ಕು ಗಂಟೆ ಕಳೆದ ಮೇಲೆ ಮಾಡಬಹುದು. ನುಣುಪಾದ ಟೈಲ್ಸ್ ನೆಲದ ಮೇಲೆ ಜಮಖಾನ ಜಾರುತ್ತದೆ. ಆದ್ದರಿಂದ ನಿಂತು ಮಾಡುವ ಆಸನಗಳನ್ನು ಬರಿಗಾಲಿನಲ್ಲಿ ಬರಿನೆಲದ ಮೇಲೆಯೇ ಮಾಡಿ, ಕುಳಿತು ಮಲಗಿ ಮಾಡುವವಕ್ಕೆ ಮಾತ್ರ ಜಮಖಾನ ಹಾಸಿಕೊಳ್ಳಬೇಕು.

ಮೊದಲ ಐದು ನಿಮಿಷ ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಮಂಡಿ ಮತ್ತು ಹರಡುಗಳನ್ನು ನಿಧಾನವಾಗಿ ಆಡಿಸಬೇಕು. ಅನಂತರ ಸೂರ್ಯನಮಸ್ಕಾರ. ಇದರಲ್ಲಿ ಹನ್ನೆರಡು ಸ್ಥಿತಿಗಳಿದ್ದು, ಒಮ್ಮೆ ಬಲಗಾಲನ್ನೂ ಇನ್ನೊಮ್ಮೆ ಎಡಗಾಲನ್ನೂ ಹಿಂದಕ್ಕೆ ಚಾಚಿ ಮುಗಿಸಿದರೆ ಒಂದು ಪೂರ್ಣ ಸುತ್ತು. ಮೈ ಹಿಂದಕ್ಕೆ ಬಾಗಿ ಎದೆ ತೆರೆದುಕೊಳ್ಳುವಾಗ ಉಸಿರು ಒಳಕ್ಕೆ, ಮುಂದಕ್ಕೆ ಬಾಗಿ ಹೊಟ್ಟೆ ಮಡಿಚಿಕೊಳ್ಳುವಾಗ ಹೊರಕ್ಕೆ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಮೂರು ಸುತ್ತಿನಿಂದ ಆರಂಭಿಸಿ, ತಿಂಗಳ ಹೊತ್ತಿಗೆ ಆರಕ್ಕೆ ಏರಿಸಬಹುದು. ರಥಸಪ್ತಮಿಯಂದು 108 ನಮಸ್ಕಾರ ಹಾಕುವ ಪರಿಪಾಠ ನಮ್ಮ ಅನೇಕ ಊರುಗಳಲ್ಲಿದೆ. ವರ್ಷವಿಡೀ ಸುಮ್ಮನಿದ್ದು ಅಂದು ಒಂದೇ ಉಸಿರಿಗೆ ಅಷ್ಟನ್ನೂ ಹಾಕಿದವರು ಮರುದಿನ ಮೆಟ್ಟಿಲಿಳಿಯುವ ಚಂದವನ್ನು ನೋಡಿಯೇ ತಿಳಿಯಬೇಕು.

ಸೂರ್ಯನಮಸ್ಕಾರದಲ್ಲಿ ನಿಂತಲ್ಲಿಂದ ಮುಂದಕ್ಕೆ ಬಾಗಿ ಕೈಯನ್ನು ಪಾದದ ಬಳಿ ಊರುವ ಪಾದಹಸ್ತಾಸನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೆನ್ನಿಗೆ ಪೆಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಬಾಗುವಾಗ ಬೆನ್ನನ್ನು ಗೂನು ಮಾಡಿ ತಲೆಯನ್ನು ಕೆಳಗಿಳಿಸಬಾರದು. ತೊಡೆಯ ಮೇಲ್ಭಾಗದ ಸಂದಿನಿಂದ, ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ, ಇಡೀ ಮುಂಡವನ್ನು ಮುಂದಕ್ಕೆ ಮಡಿಸಬೇಕು. ತೊಡೆಯ ಹಿಂಭಾಗದ ಸ್ನಾಯು ಬಿಗಿಯೆನಿಸಿದ ಕೂಡಲೆ ಮಂಡಿಯನ್ನು ಸ್ವಲ್ಪ ಸಡಿಲಿಸಿದರೆ ಸೊಂಟದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಕೈ ನೆಲಕ್ಕೆ ತಾಗದಿದ್ದರೆ ಎರಡು ಇಟ್ಟಿಗೆಯನ್ನೋ ಒಂದು ಸ್ಟೂಲನ್ನೋ ಮುಂದಿಟ್ಟುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಡೆಸುತ್ತಿದ್ದ ಯೋಗಶಾಲೆಯ ಇಬ್ಬರು ಶಿಷ್ಯರು ಮುಂದೆ ಜಗತ್ತಿಗೆ ಯೋಗ ಕಲಿಸಿದರು. ಅವರಲ್ಲಿ ಪಟ್ಟಾಭಿ ಜೋಯಿಸರು ಪ್ರತಿ ಚಲನೆಯನ್ನೂ ಒಂದೊಂದು ಉಸಿರಿಗೆ ಜೋಡಿಸಿದ ಪದ್ಧತಿಯನ್ನು ಬೆಳೆಸಿದರೆ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಬಾಲ್ಯವನ್ನು ಕಾಯಿಲೆಯಲ್ಲಿಯೇ ಕಳೆದ ಬಿ.ಕೆ.ಎಸ್. ಅಯ್ಯಂಗಾರ್ಯರು ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳ ಆಸರೆಯನ್ನು ಶಾಸ್ತ್ರೋಕ್ತವೆಂಬಷ್ಟು ಖಚಿತವಾಗಿ ಬಳಕೆಗೆ ತಂದರು. ಮೈ ಬಗ್ಗದವರಿಗೆ ಎರಡನೆಯ ದಾರಿಯೇ ಹಿತ.

ಸೂರ್ಯನಮಸ್ಕಾರವಾದ ಮೇಲೆ ಒಂಟಿಕಾಲಿನಲ್ಲಿ ನಿಲ್ಲುವ ವೃಕ್ಷಾಸನ, ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನ, ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನ ಮತ್ತು ಕುಳಿತು ಬೆನ್ನು ತಿರುಚುವ ವಕ್ರಾಸನ, ಇಷ್ಟಿದ್ದರೆ ಸಾಕು. ಪ್ರತಿಯೊಂದರಲ್ಲಿಯೂ ಐದು ಉಸಿರಿನಷ್ಟು ಹೊತ್ತು ನಿಲ್ಲಬೇಕು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರಲ್ಲಿ ಭುಜ ಮುಂದಕ್ಕೆ ಇಳಿದಿರುತ್ತದೆ, ಬೆನ್ನಿನ ಸ್ನಾಯುಗಳು ಸೋತಿರುತ್ತವೆ. ಭುಜಂಗ ಮತ್ತು ಸೇತುಬಂಧಗಳು ಅವನ್ನೇ ದುಡಿಸುತ್ತವೆ. ವೃಕ್ಷಾಸನವನ್ನು ವಯಸ್ಸಾದವರು ಗೋಡೆಗೆ ಒಂದು ಕೈ ಊರಿಕೊಂಡೇ ಮಾಡಲಿ. ಬಚ್ಚಲುಮನೆಯಲ್ಲಿ ಕಾಲು ಜಾರಿದಾಗ ತಕ್ಷಣ ಸಾವರಿಸಿಕೊಳ್ಳುವ ಸಮತೋಲ ಇಂಥ ಅಭ್ಯಾಸದಿಂದಲೇ ಬೆಳೆಯುತ್ತದೆ. ಕೊನೆಗೆ ಐದು ನಿಮಿಷ, ಅಂಗಾತ ಮಲಗಿ ಮೈಯನ್ನು ಪೂರ್ತಿ ಸಡಿಲ ಬಿಡುವ ಶವಾಸನ. ಇದನ್ನು ಬಿಟ್ಟು ಎದ್ದುಹೋಗುವವರೇ ಹೆಚ್ಚು, ಅದು ದೊಡ್ಡ ನಷ್ಟ.

ಇನ್ನು ಪ್ರಾಣಾಯಾಮ. ಉಸಿರನ್ನು ಒಳಗೆಳೆದುಕೊಳ್ಳುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ದೀರ್ಘವಾಗಿ ಉಸಿರಾಡಿದರೆ ಅನೇಕರಿಗೆ ಇದು ತಿಳಿಯುತ್ತದೆ. ಉಸಿರು ಬಿಡುವಾಗ ಹೃದಯವನ್ನು ನಿಧಾನಗೊಳಿಸುವುದು ಮಿದುಳಿನಿಂದ ಎದೆ ಹೊಟ್ಟೆಗಳವರೆಗೆ ಇಳಿಯುವ ವೇಗಸ್ ನರ. ಹೊರಬಿಡುವ ಉಸಿರನ್ನು ಉದ್ದ ಮಾಡಿದಷ್ಟೂ ಅದರ ಪ್ರಭಾವ ಹೆಚ್ಚುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು ಆರರ ಆಸುಪಾಸಿಗೆ ಇಳಿಸುವುದು ಇಲ್ಲಿಯ ಕೆಲಸ.

ನಾಡಿಶೋಧನಕ್ಕೆ ನೆಟ್ಟಗೆ ಕುಳಿತು, ಬಲಗೈಯ ತೋರುಬೆರಳು ಮತ್ತು ನಡುಬೆರಳುಗಳನ್ನು ಅಂಗೈಗೆ ಮಡಚಿ, ಹೆಬ್ಬೆರಳಿನಿಂದ ಬಲ ಹೊಳ್ಳೆಯನ್ನು ಮುಚ್ಚಬೇಕು. ಎಡ ಹೊಳ್ಳೆಯಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದು, ಉಂಗುರಬೆರಳಿನಿಂದ ಎಡವನ್ನು ಮುಚ್ಚಿ, ಬಲದಿಂದ ಆರು ಎಣಿಸುವಷ್ಟು ಬಿಡಬೇಕು. ಮತ್ತೆ ಬಲದಿಂದಲೇ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು, ಇಂಥವು ಒಂಬತ್ತು. ಬೆರಳು ಹೊಳ್ಳೆಯನ್ನು ಒತ್ತಬಾರದು, ಸುಮ್ಮನೆ ತಾಗಿರಬೇಕು. ಉಸಿರಿನ ಸದ್ದು ಪಕ್ಕದಲ್ಲಿರುವವರಿಗೆ ಕೇಳಿಸಿದರೆ ಅವಸರ ಹೆಚ್ಚಾಗಿದೆ ಎಂದರ್ಥ. ಉಸಿರು ಕಟ್ಟುವ ಕುಂಭಕವನ್ನು ಗುರುಮುಖೇನ ಕಲಿಯುವವರೆಗೆ ಬದಿಗಿಡುವುದೇ ಲೇಸು.

ಅದೇ ಆಸನದಲ್ಲಿ ಹತ್ತು ನಿಮಿಷ ಧ್ಯಾನ. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಪಾದಗಳನ್ನು ಊರಿ ಕೂರಬಹುದು. ಮೂಗಿನ ತುದಿಯಲ್ಲಿ ಗಾಳಿ ತಂಪಾಗಿ ಒಳಹೋಗುವುದನ್ನೂ ಬೆಚ್ಚಗೆ ಹೊರಬರುವುದನ್ನೂ ಗಮನಿಸುತ್ತಿರಬೇಕು, ಅಷ್ಟೆ. ಎರಡನೆಯ ನಿಮಿಷಕ್ಕೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಅದು ಎಷ್ಟನೆಯ ಸೀಟಿಯೆಂದು ಮನಸ್ಸು ಲೆಕ್ಕ ಹಾಕುತ್ತದೆ, ಬೇಳೆಯಿಂದ ದಿನಸಿ ಅಂಗಡಿಗೂ ಅಲ್ಲಿಂದ ತಿಂಗಳ ಬಾಕಿಗೂ ಹೋಗುತ್ತದೆ. ಹೋಗಿದೆಯೆಂದು ಗೊತ್ತಾದ ಕ್ಷಣ ಬೈದುಕೊಳ್ಳದೆ ಅದನ್ನು ಉಸಿರಿಗೆ ಮರಳಿ ತರುವುದೇ ಧ್ಯಾನದ ಅಭ್ಯಾಸ. ಹತ್ತು ನಿಮಿಷದಲ್ಲಿ ಮೂವತ್ತು ಸಲ ತಂದರೆ ಮೂವತ್ತು ಸಲ ಅಭ್ಯಾಸವಾಯಿತು. ಇದರ ಫಲ ಕಾಣಿಸುವುದು ಕಣ್ಣು ಮುಚ್ಚಿ ಕುಳಿತಾಗಲ್ಲ. ಯಾರೋ ಕೆಣಕಿ ಮಾತನಾಡಿದಾಗ, ಸಿಟ್ಟು ಏಳುತ್ತಿರುವುದು ನಾಲಿಗೆ ಹೊರಳುವ ಮೊದಲೇ ಗೊತ್ತಾಗತೊಡಗುತ್ತದೆ.

ಅಧಿಕ ರಕ್ತದೊತ್ತಡ ಅಥವಾ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ತಲೆ ಕೆಳಗೆ ಕಾಲು ಮೇಲೆ ಮಾಡುವ ಶೀರ್ಷಾಸನ, ಸರ್ವಾಂಗಾಸನಗಳ ಗೊಡವೆಗೆ ಹೋಗಬಾರದು. ಗರ್ಭಿಣಿಯರು, ಹರ್ನಿಯಾ ಇರುವವರು ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನವಾಗದವರು, ಹೊಟ್ಟೆಯನ್ನು ಒಳಕ್ಕೆಳೆದು ರಭಸದಿಂದ ಉಸಿರು ಬಿಡುವ ಕಪಾಲಭಾತಿಯನ್ನು ಮಾಡಬಾರದು. ಡಿಸ್ಕ್ ತೊಂದರೆಯವರು ಮುಂದಕ್ಕೆ ಬಾಗುವ ಮುನ್ನ ವೈದ್ಯರನ್ನು ಕೇಳಬೇಕು. ನಿಯಮಿತ ಅಭ್ಯಾಸದಿಂದ ರಕ್ತದೊತ್ತಡ ಸ್ವಲ್ಪ ಇಳಿಯುವುದು, ಹಳೆಯ ಸೊಂಟನೋವು ಕಡಿಮೆಯಾಗುವುದು ನಿಜವಾದರೂ, ಅದನ್ನು ನೆಚ್ಚಿ ಬಿ.ಪಿ. ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ತೀವ್ರ ಖಿನ್ನತೆಯಲ್ಲಿರುವವರಿಗೆ ಕಣ್ಣು ಮುಚ್ಚಿ ಒಬ್ಬರೇ ಕೂರುವುದರಿಂದ ತಳಮಳ ಹೆಚ್ಚುವುದೂ ಉಂಟು. ಅಂಥವರು ಮನೋವೈದ್ಯರ ಸಲಹೆಯೊಂದಿಗೇ ಮುಂದುವರಿಯಲಿ.

ನಲವತ್ತು ನಿಮಿಷ ಸಿಗದ ದಿನ ಎರಡು ಸುತ್ತು ನಮಸ್ಕಾರ, ಐದು ಸುತ್ತು ನಾಡಿಶೋಧನ, ಮೂರು ನಿಮಿಷ ಧ್ಯಾನ, ಇಷ್ಟನ್ನಾದರೂ ಮಾಡಿ ಏಳಬೇಕು. ಜ್ವರವಿದ್ದ ದಿನ ಮಾತ್ರ ಆಸನಗಳನ್ನು ಪೂರ್ತಿ ಬಿಟ್ಟು ಶವಾಸನದಲ್ಲಿ ಮಲಗಿ ಉಸಿರನ್ನು ಗಮನಿಸಿದರಾಯಿತು.