ನೇರಳೆ ಬಳಿಯುವ ಮೊದಲು ಒಂದು ರಟ್ಟು ಮಡಚಿ

ಮೊನ್ನೆ ಸೊಸೆ ಶೇಡ್ ಕಾರ್ಡ್ ಹಿಡಿದು ಬಂದಳು. ಹೆಬ್ಬೆರಳಷ್ಟು ಅಗಲದ ಮೂರು ಚೌಕ, ಮೂರೂ ತಿಳಿ ನೇರಳೆ. "ಯಾವುದು ಚೆನ್ನಾಗಿದೆ ಅತ್ತೆ?" ಅದೂ ಟ್ಯೂಬ್‌ಲೈಟ್ ಕೆಳಗೆ ನಿಂತು! ಅಷ್ಟು ಚೂರು ನೋಡಿ ನಾಲ್ಕು ಗೋಡೆ ಬಳಿಸುತ್ತಾರಾ ಯಾರಾದರೂ? ಕಾರ್ಡಿನಲ್ಲಿ ತಿಳಿಯಾಗಿದ್ದದ್ದು ಗೋಡೆ ತುಂಬಿದರೆ ಗಾಢವಾಗಿಯೇ ಕಾಣುತ್ತದೆ.

ಮೊದಲು ಹಗಲು ಬೆಳಕಿನಲ್ಲಿ ಕಾರ್ಡನ್ನು ಬಿಳಿ ಹಾಳೆ ಮೇಲಿಡಿ. ಒಂದರಲ್ಲಿ ಗುಲಾಬಿ, ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಬೂದಿ ಇಣುಕುತ್ತದೆ. ಅಷ್ಟರಲ್ಲೇ ಒಂದು ಬಿಟ್ಟುಹೋಗುತ್ತದೆ.

ಉಳಿದ ಎರಡಕ್ಕೆ ನನ್ನ ರಟ್ಟು. ಸುಮ್ನೆ ಗೋಡೆಗೇ ಪಟ್ಟೆ ಎಳೆದು ನೋಡಬೇಡಿ, ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಳದಿ ಗೋಡೆ ನಡುವೆ ಯಾವ ನೇರಳೆಯೂ ಇರುವುದಕ್ಕಿಂತ ಜಾಸ್ತಿ ನೇರಳೆಯೇ. ಬಣ್ಣಕ್ಕೊಂದು ರಟ್ಟು ತಗೊಳ್ಳಿ, ಮೊಳದಷ್ಟಾದರೂ ಅಗಲ ಇರಲಿ. ಬಿಳಿ ಪ್ರೈಮರ್ ಹೊಡೆದು ಒಣಗಿಸಿ. ಸುತ್ತ ಎರಡು ಬೆರಳು ಬಿಳಿ ಬಿಟ್ಟು ಎರಡು ಕೋಟ್ ಹಚ್ಚಿ. ಒಂದೇ ಕೋಟಿಗೆ ತೀರ್ಪು ಕೊಡುವುದು, ಹಸಿ ಇರುವಾಗಲೇ ಇಣುಕುವುದು ಎರಡೂ ಬೇಡ. ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ, ಒಣಗಿದ ಮೇಲೆ ಸಾಮಾನ್ಯವಾಗಿ ಒಂದು ಚೂರು ಗಾಢವಾಗುತ್ತದೆ. ಆಮೇಲೆ ಬಣ್ಣ ಒಳಗೆ ಬರುವಂತೆ ರಟ್ಟನ್ನು ಪುಸ್ತಕದ ಹಾಗೆ ಅರ್ಧ ಮಡಚಿ, ಕೋಣೆಯ ಮೂಲೆಗೆ ಒತ್ತಿ ನಿಲ್ಲಿಸಿ. ಮಡಿಕೆಯ ಹತ್ತಿರ ನೋಡಿ. ಒಂದು ಮಗ್ಗುಲಿನ ಬಣ್ಣ ಇನ್ನೊಂದರ ಮೇಲೆ ಬಿದ್ದು ಅಲ್ಲಿ ರಂಗೇರಿರುತ್ತದೆ. ಬಳಿದಾದ ಮೇಲೆ ಗೋಡೆ ಗೋಡೆಗೂ ಆಗುವುದು ಅದೇ.

ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ, ಮೂರು ಹೊತ್ತೂ ನೋಡಬೇಕು. ಮಗಳ ಕೋಣೆಗೆ ನಾನು ಹಗಲಲ್ಲಷ್ಟೇ ನೋಡಿ ನೀಲಿ ಇಣುಕುವ ನೇರಳೆ ಹೊಡೆಸಿದ್ದೆ. ಹಳದಿ ಬಲ್ಬು ಹಾಕಿದರೆ ಬೂದಿ ಬಳಿದ ಹಾಗೆ! ಆರು ವರ್ಷ ಪಾಪ ಅದರಲ್ಲೇ ಮಲಗಿದಳು.

ಪರದೆಯನ್ನೂ ರಟ್ಟಿನ ಪಕ್ಕ ಹಿಡಿದು ನೋಡಿ. ಒಗೆದ ಪರದೆ, ಧೂಳು ಕೂತದ್ದಲ್ಲ. ಹಾಗೇ ಹೇಳಿಬಿಡುತ್ತೇನೆ, ಹತ್ತಿಯ ಪರದೆಯನ್ನು ಸ್ವಲ್ಪ ತೇವ ಇರುವಾಗಲೇ ಕಂಬಿಗೆ ಏರಿಸಿ ಅಂಚು ಜಗ್ಗಿಬಿಟ್ಟರೆ ಇಸ್ತ್ರಿಯ ಕೆಲಸ ಅರ್ಧ ತಪ್ಪುತ್ತದೆ. ಯಾರು ಕೇಳುತ್ತಾರೆ!

ಬಣ್ಣದ ಡಬ್ಬಿಗಳನ್ನು ಒಟ್ಟಿಗೇ ತರಿಸಿ, ದೊಡ್ಡ ಬಕೆಟ್ಟಿನಲ್ಲಿ ಕಲಸಿಕೊಳ್ಳಿ. ಇಲ್ಲದಿದ್ದರೆ ಡಬ್ಬಿ ಬದಲಾದ ಕಡೆ ಗೋಡೆ ನಡುವೆ ಗೆರೆ ಕಂಡೀತು.

ಸೊಸೆ ಗೊಣಗುತ್ತಲೇ ರಟ್ಟು ನಿಲ್ಲಿಸಿದಳು. ಎರಡನೇ ರಾತ್ರಿ ತಾನೇ ಬಂದು, "ನೀಲಿಯದು ಬೇಡ ಅತ್ತೆ" ಅಂದಳು.