ಗುಲಗಂಜಿ ಹುಳು ಗುರುತಿಸಲು ಚುಕ್ಕಿ ಎಣಿಸಬೇಡಿ

ಫೋಟೊ ನೋಡಿ ಗುಲಗಂಜಿ ಹುಳುವಿನ ಹೆಸರು ಹೇಳುವಾಗ ನಾನು ಚುಕ್ಕಿಗಳನ್ನು ಕೊನೆಗೆ ನೋಡುತ್ತೇನೆ. ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಒಂದೇ ಪ್ರಭೇದದಲ್ಲಿ ಚುಕ್ಕಿಯೇ ಇಲ್ಲದವು, 19 ಚುಕ್ಕಿಯವು, ಕಪ್ಪು ಬೆನ್ನಿನ ಮೇಲೆ ಕೆಂಪು ಮಚ್ಚೆಯವು, ಎಲ್ಲವೂ ಉಂಟು. ಕೋಶದಿಂದ ಆಗಷ್ಟೇ ಹೊರಬಂದ ಹುಳುವಂತೂ ಪೇಲವ ಹಳದಿ. ಚುಕ್ಕಿ ಮೂಡಲು ಕೆಲವು ಗಂಟೆ ಬೇಕು.

ಮೊದಲು ನೋಡುವುದು ಪ್ರೊನೋಟಮ್. ತಲೆಗೂ ರೆಕ್ಕೆಚಿಪ್ಪಿಗೂ (ಬೆನ್ನು ಮುಚ್ಚುವ ಗಟ್ಟಿ ಮೇಲ್ರೆಕ್ಕೆ) ನಡುವೆ ಗುರಾಣಿಯಂತೆ ಕೂತಿರುವ ಭಾಗ. ಹೆಚ್ಚು ಎಡವಟ್ಟಾಗುವ ಒಂದು ಜೋಡಿಯನ್ನೇ ತೆಗೆದುಕೊಳ್ಳಿ: ಕಾಕ್ಸಿನೆಲ್ಲಾ ಟ್ರಾನ್ಸ್‌ವರ್ಸಾಲಿಸ್ ಮತ್ತು ಚೈಲೊಮಿನೀಸ್ ಸೆಕ್ಸ್‌ಮ್ಯಾಕ್ಯುಲೇಟಾ. ಎರಡಕ್ಕೂ ಕಿತ್ತಳೆ ಬೆನ್ನು, ಅಂಕುಡೊಂಕು ಕಪ್ಪು ಪಟ್ಟೆ, ರೆಕ್ಕೆಚಿಪ್ಪುಗಳು ಕೂಡುವಲ್ಲಿ ಕಪ್ಪು ಗೆರೆ. ಬೆನ್ನನ್ನು ಎಷ್ಟು ಹೊತ್ತು ನೋಡಿದರೂ ಗೊಂದಲ ಕಳೆಯುವುದಿಲ್ಲ. ಮುಂದಿನಿಂದ ತೆಗೆದ ಒಂದು ಚಿತ್ರವಿದ್ದರೆ ಸಾಕು. ಟ್ರಾನ್ಸ್‌ವರ್ಸಾಲಿಸ್‌ನ ಪ್ರೊನೋಟಮ್ ಕಪ್ಪು, ಮುಂದಿನ ಎರಡು ಮೂಲೆಗಳಲ್ಲಿ ಮಾತ್ರ ತಿಳಿ ಬಣ್ಣದ ಮಚ್ಚೆ. ಚೈಲೊಮಿನೀಸ್‌ನದು ತಿಳಿ ಹಳದಿ. ಹಿಂಭಾಗದ ಕಪ್ಪು ಪಟ್ಟಿಯಿಂದ ನಡುವೆ ಇಂಗ್ಲಿಷಿನ ಟಿ ಅಕ್ಷರದಂಥ ಕಪ್ಪು ಗುರುತು ಎದ್ದಿರುತ್ತದೆ. ಪೂರ್ತಿ ಕಪ್ಪಾದ ಚೈಲೊಮಿನೀಸ್ ಕೂಡ ಇರುವುದರಿಂದ ಬೆನ್ನಿನ ಬಣ್ಣ ನೆಚ್ಚಿದರೆ ಕೆಟ್ಟೆವು.

ಏಳು ಚುಕ್ಕಿಯ ಕಾಕ್ಸಿನೆಲ್ಲಾ ಸೆಪ್ಟೆಂಪಂಕ್ಟೇಟಾವನ್ನು ಹಾರ್ಮೋನಿಯಾದಿಂದ ಬೇರ್ಪಡಿಸಲು ಕಾಲು ನೋಡುತ್ತೇನೆ: ಮೊದಲನೆಯದಕ್ಕೆ ಕಪ್ಪು, ಎರಡನೆಯದಕ್ಕೆ ಸಾಮಾನ್ಯವಾಗಿ ಕಂದು. ತಿಳಿ ಬಣ್ಣದ ಹಾರ್ಮೋನಿಯಾದ ಪ್ರೊನೋಟಮ್ ಮೇಲೆ ಹಲವು ಸಲ ಎಮ್ ಅಕ್ಷರದಂಥ ಗುರುತು ಇರುತ್ತದೆ. ಹಿಂಬದಿಯಲ್ಲಿ, ರೆಕ್ಕೆಚಿಪ್ಪಿನ ತುದಿಗೆ ತುಸು ಮೊದಲು, ಅಡ್ಡಲಾಗಿ ಒಂದು ಸಣ್ಣ ಮಡಿಕೆಯೂ ಹೆಚ್ಚಿನವಕ್ಕೆ ಇರುತ್ತದೆ. ಅದು ಪಕ್ಕದಿಂದ ತೆಗೆದ ಚಿತ್ರದಲ್ಲಷ್ಟೇ ಕಾಣುತ್ತದೆ.

ಹಾಗಾಗಿ ಒಂದು ಹುಳುವಿಗೆ ಕನಿಷ್ಠ 4 ಚಿತ್ರ: ಮೇಲಿನಿಂದ, ಮುಂದಿನಿಂದ, ಪಕ್ಕದಿಂದ, ಕೆಳಗಿನಿಂದ. ಕೆಳಗಿನದಕ್ಕೆ ಹುಳುವನ್ನು ಪಾರದರ್ಶಕ ಡಬ್ಬಿಯೊಳಗೆ ಬಿಟ್ಟು ಅಡಿಯಿಂದ ತೆಗೆಯುವುದು. ಸೆಪ್ಟೆಂಪಂಕ್ಟೇಟಾಕ್ಕೂ ಅದರಂತೆಯೇ ಕಾಣುವ ಕಾಕ್ಸಿನೆಲ್ಲಾ ಮ್ಯಾಗ್ನಿಫಿಕಾಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಸಿಗುವುದು: ಮೊದಲನೆಯದರ ಹೊಟ್ಟೆಯ ಕಡೆ ಕಾಲಿನ ಬುಡದ ಬಳಿ 2 ಬಿಳಿ ತ್ರಿಕೋನ, ಎರಡನೆಯದಕ್ಕೆ 4.

ಬೆಳಕಿನದೇ ದೊಡ್ಡ ಕಿರಿಕಿರಿ. ನುಣುಪು ಮೈ ಫ್ಲ್ಯಾಶನ್ನು ಕನ್ನಡಿಯಂತೆ ವಾಪಸು ಎಸೆಯುತ್ತದೆ. ಆ ಹೊಳಪು ಪ್ರೊನೋಟಮ್ ಮೇಲೆ ಬಿದ್ದರೆ ಥೇಟ್ ಬಿಳಿ ಮಚ್ಚೆ. ಫ್ಲ್ಯಾಶಿಗೆ ಟಿಶ್ಯೂ ಪೇಪರ್ ಅಡ್ಡ ಹಿಡಿದು, ಬೆಳಕಿನ ಕೋನ ಬದಲಿಸಿ ಇನ್ನೆರಡು ಚಿತ್ರ ತೆಗೆಯುತ್ತೇನೆ. ಹೊಳಪಾದರೆ ಜಾಗ ಬದಲಿಸುತ್ತದೆ, ಮಚ್ಚೆಯಾದರೆ ಅಲ್ಲೇ ಇರುತ್ತದೆ.

ಅಳತೆಗೆ, ಹುಳು ಹಾರಿಹೋದ ಮೇಲೆ ಫೋಕಸ್ ಮುಟ್ಟದೆ ಅದೇ ದೂರದಲ್ಲಿ 1 ಮಿ.ಮೀ. ಗೆರೆಯ ಗ್ರಾಫ್ ಹಾಳೆಯ ಚಿತ್ರ ತೆಗೆದಿಡುತ್ತೇನೆ. ಹುಳು ಓರೆಯಾಗಿ ಕೂತಿದ್ದ ಚಿತ್ರದಲ್ಲಿ ಉದ್ದ ಕಡಿಮೆ ಬರುತ್ತದೆ, ಅದನ್ನು ಅಳೆಯಬಾರದು.

ಹೊಳಪಿಲ್ಲದೆ, ಮೈಮೇಲೆ ಸಣ್ಣ ಕೂದಲಿದ್ದು, ಬದನೆ ಎಲೆಯನ್ನು ಕೆರೆದು ಜಾಲರಿ ಮಾಡಿರುವ ಹುಳು ಸಿಕ್ಕರೆ ಅದು ಮೇಲಿನವುಗಳಂತೆ ಗಿಡಹೇನು ತಿನ್ನುವ ಗುಂಪಿನದಲ್ಲ, ಎಲೆ ತಿನ್ನುವ ಹೆನೊಸೆಪಿಲಾಕ್ನಾ ಕುಲದ್ದು. ಇದರ ಒಂದು ಪ್ರಭೇದ 28 ಚುಕ್ಕಿಯದು ಎಂದು ಹೆಸರಾದರೂ ಒಂದೊಂದು ರೆಕ್ಕೆಚಿಪ್ಪಿನಲ್ಲಿ 6 ಚುಕ್ಕಿ ಮಾತ್ರ ಖಾಯಂ, ಉಳಿದವು ಇದ್ದರೆ ಇದ್ದವು. ಈ ಕುಲದಲ್ಲಿ ಒಂದನ್ನೊಂದು ಹೋಲುವ ಪ್ರಭೇದಗಳನ್ನು ಖಚಿತಪಡಿಸಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಫೋಟೊ ನೋಡಿ ಹುಳು ಗುರುತಿಸುವ ಆ್ಯಪ್ ಎಷ್ಟೇ ಧೈರ್ಯವಾಗಿ ಪೂರ್ತಿ ಹೆಸರು ಕೊಟ್ಟರೂ ನಾನು ಫೋಟೊದ ಕೆಳಗೆ ಕುಲದ ಹೆಸರಷ್ಟೇ ಬರೆದು ನಿಲ್ಲಿಸುತ್ತೇನೆ.